ಮಹಾಪಧಮನಿ ಸೀಳಿಕೆಯ ತುರ್ತು ಶಸ್ತ್ರಚಿಕಿತ್ಸೆ: ಮುಂಬಯಿ ನಗರ ಮತ್ತು ಉಪನಗರಗಳಲ್ಲಿ ಅದರ ಫಲಿತಾಂಶ

ಮಹಾಪಧಮನಿ ಸೀಳಿಕೆಯ ತುರ್ತು ಶಸ್ತ್ರಚಿಕಿತ್ಸೆ ಎಂದರೆ, ಹೃದಯದ ಎಡ ಕೆಳಕೋಣೆಯಿಂದ ಹೊರಡುವ ಮಹಾಪಧಮನಿಯ ಒಳಪದರ ಹರಿದು, ರಕ್ತ ಗೋಡೆಯೊಳಕ್ಕೆ ನುಗ್ಗಿ ಪದರಗಳನ್ನು ಬಿಡಿಸಿದಾಗ, ಹರಿದ ಭಾಗವನ್ನು ಕತ್ತರಿಸಿ ತೆಗೆದು ಅಲ್ಲಿ ಕೃತಕ ನಾಳವನ್ನು ಹೊಲಿಯುವ ಶಸ್ತ್ರಕ್ರಿಯೆ. ಈ ಕಾಯಿಲೆಯನ್ನು ವೈದ್ಯರು ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ. ಸೀಳಿಕೆ ಹೃದಯಕ್ಕೆ ಹತ್ತಿರದ ಏರುಭಾಗದಲ್ಲಿದ್ದರೆ ಶಸ್ತ್ರಕ್ರಿಯೆ ಕೆಲವೇ ಗಂಟೆಗಳೊಳಗೆ ಆಗಬೇಕು. ಆಗದಿದ್ದರೆ ಹೆಚ್ಚಿನವರು ಕೆಲವು ದಿನಗಳಲ್ಲಿ ಸಾಯುತ್ತಾರೆ. ಶಸ್ತ್ರಕ್ರಿಯೆಯಾದರೂ, ಅಂತಾರಾಷ್ಟ್ರೀಯ ದಾಖಲೆಗಳ ಪ್ರಕಾರ ಐದಾರು ಜನರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ. ಈ ಲೇಖನ ಮುಖ್ಯವಾಗಿ ಏರುಭಾಗದ ಸೀಳಿಕೆಯ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನೂ, ಮುಂಬಯಿಯಂಥ ಮಹಾನಗರದಲ್ಲಿ ಆ ಫಲಿತಾಂಶವನ್ನು ರೂಪಿಸುವ ಸಂಗತಿಗಳನ್ನೂ ವಿವರಿಸುತ್ತದೆ.

ಕಾಯಿಲೆಯ ಸ್ವರೂಪ

ಮಹಾಪಧಮನಿಯ ಗೋಡೆಗೆ ಮೂರು ಪದರಗಳಿವೆ. ರಕ್ತಕ್ಕೆ ತಾಗಿರುವ ಒಳಪದರ ತೀರ ತೆಳು. ಹಿಗ್ಗಿ ಕುಗ್ಗುವ ನಾರುಗಳೂ ನಯವಾದ ಸ್ನಾಯುವೂ ಇರುವ ನಡುಪದರವೇ ಗೋಡೆಗೆ ಮುಖ್ಯ ಬಲ. ಹೊರಪದರ ಕೊನೆಯ ಕವಚ. ನಡುಪದರ ದುರ್ಬಲವಾದವರಲ್ಲಿ ರಕ್ತದ ಒತ್ತಡಕ್ಕೆ ಒಳಪದರ ಒಂದು ಕಡೆ ಬಿರಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತ ಆ ಬಿರುಕಿನೊಳಗೆ ನುಗ್ಗಿ ನಡುಪದರವನ್ನು ಉದ್ದಕ್ಕೆ ಸೀಳುತ್ತಾ ಹೋಗುತ್ತದೆ. ಆಗ ಒಂದೇ ನಾಳದಲ್ಲಿ ಎರಡು ದಾರಿಗಳಾಗುತ್ತವೆ: ರಕ್ತ ಮೊದಲಿನಿಂದ ಹರಿಯುತ್ತಿದ್ದ ನಿಜನಾಳ, ಗೋಡೆಯೊಳಗೆ ಹೊಸದಾಗಿ ಉಂಟಾದ ಹುಸಿನಾಳ. ಸೀಳಿಕೆ ಕೆಲವರಲ್ಲಿ ಕೆಲವೇ ಸೆಂಟಿಮೀಟರಿಗೆ ನಿಲ್ಲುತ್ತದೆ, ಕೆಲವರಲ್ಲಿ ಎದೆಯಿಂದ ತೊಡೆಸಂದಿಯವರೆಗೆ ಇಳಿಯುತ್ತದೆ.

ಸಾವು ನಾಲ್ಕು ದಾರಿಗಳಲ್ಲಿ ಬರುತ್ತದೆ. ಹೊರಪದರ ಒಡೆದು ಹೃದಯದ ಹೊರಚೀಲದಲ್ಲಿ ರಕ್ತ ತುಂಬಿದರೆ ಹೃದಯಕ್ಕೆ ಹಿಗ್ಗಲು ಜಾಗವಿಲ್ಲದೆ ಬಡಿತ ನಿಲ್ಲುತ್ತದೆ. ಎಲ್ಲಕ್ಕಿಂತ ಬೇಗ ಕೊಲ್ಲುವುದು ಇದೇ. ಸೀಳಿಕೆ ಬುಡದ ಕಡೆಗೆ ಹಿಂದಕ್ಕೆ ಬಂದರೆ ಮಹಾಪಧಮನಿಯ ಕವಾಟ ಸೋರತೊಡಗುತ್ತದೆ. ಹೃದಯದ ಸ್ವಂತ ರಕ್ತನಾಳಗಳ ಬಾಯಿ ಮುಚ್ಚಿದರೆ ಹೃದಯಾಘಾತವೇ ಆಗುತ್ತದೆ. ಹುಸಿನಾಳ ಉಬ್ಬಿ ಕವಲುಗಳನ್ನು ಒತ್ತಿದರೆ ಮಿದುಳು, ಕರುಳು, ಮೂತ್ರಪಿಂಡ, ಕಾಲುಗಳಿಗೆ ರಕ್ತ ತಲುಪುವುದಿಲ್ಲ.

ಕಾರಣಗಳಲ್ಲಿ ಅಧಿಕ ರಕ್ತದೊತ್ತಡಕ್ಕೆ ಮೊದಲ ಸ್ಥಾನ. 1996ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ದಾಖಲೆಪಟ್ಟಿ 'ಐರಾಡ್' 2000ದಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ 464 ರೋಗಿಗಳ ಪೈಕಿ ಶೇ. 72ರಷ್ಟು ಮಂದಿಗೆ ರಕ್ತದೊತ್ತಡವಿತ್ತು. ಮಾರ್ಫಾನ್ ಮತ್ತು ಲೋಯಿಸ್-ಡೀಟ್ಸ್ ಲಕ್ಷಣಕೂಟಗಳಂಥ ವಂಶವಾಹಿ ದೋಷಗಳು, ಹುಟ್ಟಿನಿಂದಲೇ ಮೂರರ ಬದಲು ಎರಡು ಎಲೆಗಳಿರುವ ಕವಾಟ, ಮೊದಲೇ ಹಿಗ್ಗಿದ ಮಹಾಪಧಮನಿ, ಗರ್ಭಾವಸ್ಥೆಯ ಕೊನೆಯ ತಿಂಗಳುಗಳು, ಕೊಕೇನ್ ಸೇವನೆ ಇತರ ಕಾರಣಗಳು. ಐರಾಡ್‌ನಲ್ಲಿ ಏರುಭಾಗದ ಸೀಳಿಕೆಯಾದವರ ಸರಾಸರಿ ವಯಸ್ಸು ಅರವತ್ತರ ಆಸುಪಾಸು. ಭಾರತದ ಆಸ್ಪತ್ರೆಗಳು ಪ್ರಕಟಿಸಿದ ಸರಣಿಗಳಲ್ಲಿ ಅದು ಗಮನಾರ್ಹವಾಗಿ ಕಡಿಮೆ. ಎಂದರೆ ಇಲ್ಲಿ ಈ ಕಾಯಿಲೆ ಹೆಚ್ಚಾಗಿ ಮನೆಯ ದುಡಿಯುವ ಕೈಯನ್ನೇ ಹಿಡಿಯುತ್ತದೆ.

ಮುಂಬಯಿಗೆ ಸಂಬಂಧಿಸಿದಂತೆ ರಕ್ತದೊತ್ತಡದ ಅಂಕಿ ಮುಖ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನ ಅನುಸರಿಸಿ ಬೃಹನ್ಮುಂಬಯಿ ಮಹಾನಗರಪಾಲಿಕೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 69 ವಯಸ್ಸಿನವರ ಪೈಕಿ ಶೇ. 34ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಕಂಡುಬಂದಿತು. ಮಹಾಪಧಮನಿ ಸೀಳಿಕೆಯ ಪ್ರಮಾಣ ಪಾಶ್ಚಾತ್ಯ ದೇಶಗಳ ಜನಸಮುದಾಯ ಅಧ್ಯಯನಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 3. ಆಕ್ಸ್‌ಫರ್ಡ್‌ನ ಒಂದು ಅಧ್ಯಯನದಲ್ಲಿ 6. ಲಕ್ಷಕ್ಕೆ 3 ಎಂಬ ದರವನ್ನೇ 2011ರ ಜನಗಣತಿಯ ಸುಮಾರು 1.24 ಕೋಟಿ ಮುಂಬಯಿಗರಿಗೆ ಹೊಂದಿಸಿದರೆ ವರ್ಷಕ್ಕೆ 370ರ ಸುಮಾರು, ಅಂದರೆ ದಿನಕ್ಕೊಂದು ಸೀಳಿಕೆ. ಇದು ಬರಿಯ ಗುಣಾಕಾರ, ಎಣಿಕೆಯಲ್ಲ. ಆದರೂ ಕಾಯಿಲೆಯನ್ನು ತೀರ ಅಪರೂಪದ್ದೆಂದು ತಳ್ಳಿಹಾಕಬಾರದೆಂಬುದಕ್ಕೆ ಇಷ್ಟು ಸಾಕು.

ವರ್ಗೀಕರಣ

ಬಳಕೆಯಲ್ಲಿರುವ ಮುಖ್ಯ ವರ್ಗೀಕರಣ 1970ರ ಸ್ಟ್ಯಾನ್‌ಫರ್ಡ್ ಪದ್ಧತಿ. ಏರುಭಾಗ ಒಳಗೊಂಡಿದ್ದರೆ ಅದು 'ಎ' ಮಾದರಿ, ಒಳಗೊಂಡಿಲ್ಲದಿದ್ದರೆ 'ಬಿ' ಮಾದರಿ. ಒಳಪದರ ಎಲ್ಲಿ ಬಿರಿದಿದೆ ಎಂಬುದನ್ನು ಈ ಪದ್ಧತಿ ಕೇಳುವುದಿಲ್ಲ. ಕೇಳುವುದು ಎದೆ ತೆರೆಯಬೇಕೇ ಬೇಡವೇ ಎಂಬ ಒಂದೇ ಪ್ರಶ್ನೆ. ತುರ್ತು ವಿಭಾಗದಲ್ಲಿ ಅದಕ್ಕಿರುವ ಬೆಲೆ ಅಲ್ಲಿಂದಲೇ ಬಂದಿದೆ. ಇದಕ್ಕೂ ಐದು ವರ್ಷ ಹಿಂದೆ ಅಮೆರಿಕದ ಶಸ್ತ್ರವೈದ್ಯ ಮೈಕೇಲ್ ಡಿಬೇಕಿ ರೂಪಿಸಿದ ಪದ್ಧತಿ ಸೀಳಿಕೆಯ ಹರವನ್ನು ಅನುಸರಿಸಿ ಮೂರು ವರ್ಗ ಮಾಡುತ್ತದೆ: ಏರುಭಾಗದಿಂದ ಕಮಾನು (ಏರುಭಾಗವನ್ನೂ ಇಳಿಭಾಗವನ್ನೂ ಸೇರಿಸುವ ಬಾಗು) ದಾಟಿ ಕೆಳಗೂ ಹೋದದ್ದು, ಏರುಭಾಗಕ್ಕೆ ಸೀಮಿತವಾದದ್ದು, ಇಳಿಭಾಗದಲ್ಲಿ ಮಾತ್ರ ಇರುವುದು.

'ಎ' ಮಾದರಿಗೆ ತುರ್ತು ಶಸ್ತ್ರಕ್ರಿಯೆಯೇ ಚಿಕಿತ್ಸೆ. 'ಬಿ' ಮಾದರಿಯಲ್ಲಿ ತೊಡಕುಗಳಿಲ್ಲದಿದ್ದರೆ ರಕ್ತದೊತ್ತಡ ಇಳಿಸುವ ಔಷಧ ಸಾಕು. ಒಡೆಯುವ ಸೂಚನೆ ಇದ್ದರೆ ಅಥವಾ ಅಂಗಗಳಿಗೆ ರಕ್ತ ನಿಂತಿದ್ದರೆ ತೊಡೆಸಂದಿಯ ಮೂಲಕ ಹೊದಿಕೆಯಿರುವ ಸ್ಟೆಂಟ್ ತೂರಿಸಿ ಬಿರುಕನ್ನು ಮುಚ್ಚುತ್ತಾರೆ. ಈ ಸ್ಟೆಂಟ್ ವಿಧಾನ ಸೀಳಿಕೆಗೆ ಬಳಕೆಯಾಗುವುದು 1999ರಲ್ಲಿ ವರದಿಯಾಯಿತು. ವಾಹನ ಅಪಘಾತ ಅಥವಾ ಎತ್ತರದಿಂದ ಬೀಳುವುದರಿಂದ ಮಹಾಪಧಮನಿ ಹರಿಯುವುದು ಬೇರೆಯೇ ಗಾಯ. ಅದು ಸಾಮಾನ್ಯವಾಗಿ ಕಮಾನು ಮುಗಿದು ಇಳಿಭಾಗ ಶುರುವಾಗುವ ಕಡೆ ಆಗುತ್ತದೆ, ಹೆಚ್ಚಿನವರು ಸ್ಥಳದಲ್ಲೇ ಸಾಯುತ್ತಾರೆ, ಬದುಕಿ ಬಂದವರಿಗೆ ಈಗ ಸ್ಟೆಂಟೇ ಮೊದಲ ಆಯ್ಕೆ.

ಇತಿಹಾಸ

ಮಹಾಪಧಮನಿ ಸೀಳಿಕೆಯ ಪ್ರಸಿದ್ಧ ಆರಂಭಿಕ ವಿವರಣೆ ಬ್ರಿಟನ್ನಿನ ದೊರೆ ಎರಡನೆಯ ಜಾರ್ಜ್‌ನ ಶವಪರೀಕ್ಷೆಯದು. 1760ರ ಅಕ್ಟೋಬರ್ 25ರಂದು ಹಠಾತ್ತಾಗಿ ಸತ್ತ ಅವನ ದೇಹವನ್ನು ಪರೀಕ್ಷಿಸಿದ ವೈದ್ಯ ಫ್ರ್ಯಾಂಕ್ ನಿಕಲ್ಸ್, ಹೃದಯದ ಹೊರಚೀಲದಲ್ಲಿ ಹೆಪ್ಪುಗಟ್ಟಿದ ರಕ್ತವನ್ನೂ ಮಹಾಪಧಮನಿಯ ಒಳಗಡೆ ಅಡ್ಡ ಬಿರುಕನ್ನೂ ಕಂಡ. ನಂತರ ಸುಮಾರು ಎರಡು ಶತಮಾನ ಈ ಕಾಯಿಲೆ ಹೆಚ್ಚಾಗಿ ಶವಪರೀಕ್ಷೆಯ ಮೇಜಿನ ಮೇಲೆಯೇ ಗುರುತಾಗುತ್ತಿತ್ತು.

ಯಶಸ್ವಿ ದುರಸ್ತಿಯನ್ನು 1950ರ ದಶಕದ ಮಧ್ಯದಲ್ಲಿ ಹ್ಯೂಸ್ಟನ್‌ನಲ್ಲಿ ಡಿಬೇಕಿ ಮತ್ತು ಸಂಗಡಿಗರು ಮಾಡಿದರು. 1965ರಲ್ಲಿ ವೀಟ್ ಮತ್ತು ಸಹೋದ್ಯೋಗಿಗಳು ರಕ್ತದೊತ್ತಡ ಇಳಿಸುವ ಔಷಧಗಳಿಂದ ಸೀಳಿಕೆ ಮುಂದುವರಿಯುವುದನ್ನು ತಡೆಯಬಹುದೆಂದು ತೋರಿಸಿದರು. 1968ರಲ್ಲಿ ಬೆಂಟಾಲ್ ಮತ್ತು ಡಿ ಬೊನೊ ಕವಾಟವನ್ನೂ ಏರುಭಾಗವನ್ನೂ ಒಟ್ಟಿಗೆ ಬದಲಿಸುವ ವಿಧಾನವನ್ನು ಪ್ರಕಟಿಸಿದರು. 1975ರಲ್ಲಿ ಗ್ರೀಪ್ ಮತ್ತು ಸಂಗಡಿಗರು ದೇಹವನ್ನು ಆಳವಾಗಿ ತಂಪುಮಾಡಿ ರಕ್ತಚಲನೆಯನ್ನು ಪೂರ್ತಿ ನಿಲ್ಲಿಸಿ ಕಮಾನನ್ನು ಬದಲಿಸಿದರು. 1983ರಲ್ಲಿ ಬೋರ್ಸ್ಟ್ ವಿವರಿಸಿದ ಆನೆಸೊಂಡಿಲು ವಿಧಾನದಲ್ಲಿ ಕೃತಕ ನಾಳದ ತುದಿಯನ್ನು ಇಳಿಭಾಗದೊಳಗೆ ಜೋತುಬಿಡುತ್ತಾರೆ. ಅದೇ ಮುಂದೆ ಸ್ಟೆಂಟ್ ಜೋಡಿಸಿದ ರೂಪಕ್ಕೆ ಬೆಳೆಯಿತು. ಕ್ಷೇತ್ರದ ಆದಿಪುರುಷ ಡಿಬೇಕಿ ಇದೇ ಕಾಯಿಲೆಗೆ ತುತ್ತಾದದ್ದೂ ಈ ಇತಿಹಾಸದ ಭಾಗ. 2005ರ ಡಿಸೆಂಬರ್ 31ರಂದು ಅವರ ಏರುಭಾಗ ಸೀಳಿತು. 2006ರ ಫೆಬ್ರವರಿಯಲ್ಲಿ, 97ನೆಯ ವಯಸ್ಸಿನಲ್ಲಿ, ಹ್ಯೂಸ್ಟನ್‌ನಲ್ಲೇ ಶಸ್ತ್ರಕ್ರಿಯೆ ನಡೆಯಿತು. 2008ರ ಜುಲೈವರೆಗೆ ಬದುಕಿದರು.

ಮುಂಬಯಿಯಲ್ಲಿ ಈ ಶಸ್ತ್ರಚಿಕಿತ್ಸೆಗೆ ನೆಲ ಹದವಾದದ್ದು ಪಾಲಿಕೆಯ ಆಸ್ಪತ್ರೆಗಳಲ್ಲಿ. ಪರೇಲ್‌ನ ಕಿಂಗ್ ಎಡ್ವರ್ಡ್ ಮೆಮೋರಿಯಲ್ ಆಸ್ಪತ್ರೆ, ಮುಂಬಯಿಗರ ಬಾಯಲ್ಲಿ ಕೆಇಎಂ, 1926ರಲ್ಲಿ ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನೊಂದಿಗೆ ಆರಂಭವಾಯಿತು. ಅಲ್ಲಿ ಪ್ರಫುಲ್ಲಕುಮಾರ್ ಸೇನ್ ಕಟ್ಟಿದ ಹೃದಯ ಶಸ್ತ್ರಚಿಕಿತ್ಸಾ ವಿಭಾಗ 1968ರ ಫೆಬ್ರವರಿಯಲ್ಲಿ ಭಾರತದ ಮೊದಲ ಹೃದಯ ಕಸಿಯನ್ನು ನಡೆಸಿತು. ರೋಗಿ ಕೆಲವೇ ಗಂಟೆ ಬದುಕಿದರು. ಹೃದಯ ಕಸಿಯ ಕಥೆಯ ಹಿಂದೆ ಮರೆಯಾಗಿರುವ, ಆದರೆ ಈ ಲೇಖನದ ವಿಷಯಕ್ಕೆ ಹೆಚ್ಚು ಹತ್ತಿರದ ಕೆಲಸ ಇನ್ನೊಂದಿದೆ. ಸೇನ್, ರೋಗಶಾಸ್ತ್ರಜ್ಞ ಎಸ್.ಜಿ. ಕಿನರೆ, ಶಸ್ತ್ರವೈದ್ಯ ಜಿ.ಬಿ. ಪರುಳ್ಕರ್ ಮೊದಲಾದವರು ಮಹಾಪಧಮನಿಯ ಉರಿಯೂತದ ಬಗ್ಗೆ 1960ರ ದಶಕದಿಂದ ಅಧ್ಯಯನಗಳನ್ನು ಪ್ರಕಟಿಸಿ, 1973ರಲ್ಲಿ 101 ರೋಗಿಗಳನ್ನು ಆಧರಿಸಿದ ಗ್ರಂಥವನ್ನು ಹೊರತಂದರು. ಆ ಕಾಯಿಲೆ ಸೀಳಿಕೆಯಲ್ಲ, ಅದು ನಾಳವನ್ನು ಹೆಚ್ಚಾಗಿ ಕಿರಿದು ಮಾಡುತ್ತದೆ. ಆದರೆ ಶಸ್ತ್ರವೈದ್ಯ, ರೋಗಶಾಸ್ತ್ರಜ್ಞ ಇಬ್ಬರೂ ಒಂದೇ ಮಹಾಪಧಮನಿಯ ಮೇಲೆ ಜತೆಯಾಗಿ ದುಡಿಯುವ ಪದ್ಧತಿ ಅಲ್ಲಿ ಬೇರೂರಿತು. 1960ರ ದಶಕದಲ್ಲೇ ನಾಯರ್ ಆಸ್ಪತ್ರೆಯಲ್ಲಿ ಕೆ.ಎನ್. ದಸ್ತೂರ್ ಹೃದಯ-ಶ್ವಾಸಕೋಶ ಯಂತ್ರ ಬಳಸಿ ತೆರೆದ ಹೃದಯದ ಶಸ್ತ್ರಕ್ರಿಯೆ ಮಾಡಿದರು. ಆ ಯಂತ್ರವಿಲ್ಲದೆ ಏರುಭಾಗದ ದುರಸ್ತಿ ಅಸಾಧ್ಯ.

ಗುರುತಿಸುವಿಕೆ

ಸೀಳಿಕೆಯ ನೋವು ಬರುವ ರೀತಿಯೇ ಅದರ ಮುಖ್ಯ ಗುರುತು. ಐರಾಡ್‌ನ ಮೊದಲ ವರದಿಯಲ್ಲಿ ಸುಮಾರು ಶೇ. 85ರಷ್ಟು ರೋಗಿಗಳಿಗೆ ನೋವು ಹಠಾತ್ತಾಗಿ ಶುರುವಾಗಿತ್ತು. ಹೃದಯಾಘಾತದ ನೋವು ಸಾಮಾನ್ಯವಾಗಿ ಏರುತ್ತಾ ಹೋಗುತ್ತದೆ. ಸೀಳಿಕೆಯದು ಮೊದಲ ಕ್ಷಣದಲ್ಲೇ ತುತ್ತತುದಿಯಲ್ಲಿರುತ್ತದೆ, ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಸರಿಯುತ್ತದೆ. ಎರಡು ಕೈಗಳ ನಾಡಿಬಡಿತದಲ್ಲಿ ಅಥವಾ ರಕ್ತದೊತ್ತಡದಲ್ಲಿ ವ್ಯತ್ಯಾಸ, ಹೊಸದಾಗಿ ಕೇಳುವ ಕವಾಟದ ಮರ್ಮರ, ಪಾರ್ಶ್ವವಾಯು, ಕಾಲು ತಣ್ಣಗಾಗುವುದು ಇತರ ಸೂಚನೆಗಳು. ಕೆಲವರಿಗೆ ನೋವೇ ಇರುವುದಿಲ್ಲ. ಮೂರ್ಛೆಯಿಂದಲೇ ಕಾಯಿಲೆ ಶುರುವಾಗುತ್ತದೆ.

ನಿರ್ಣಾಯಕ ಪರೀಕ್ಷೆ ಸಿಟಿ ಆಂಜಿಯೋಗ್ರಾಮ್. ರೋಗಿಯನ್ನು ಅಲುಗಾಡಿಸುವುದೇ ಅಪಾಯವಾದಾಗ ಎಕೊ ಪರೀಕ್ಷೆ, ಅದರಲ್ಲೂ ಅನ್ನನಾಳದ ಮೂಲಕ ಮಾಡುವ ಎಕೊ, ನೆರವಿಗೆ ಬರುತ್ತದೆ. ಎದೆಯ ಎಕ್ಸ್‌ರೇ ಸರಿಯಿದ್ದ ಮಾತ್ರಕ್ಕೆ ಸೀಳಿಕೆ ಇಲ್ಲವೆನ್ನಲಾಗದು. ಇಸಿಜಿ ಹೃದಯಾಘಾತವನ್ನು ಹುಡುಕುವುದಕ್ಕೆ ಬೇಕು. ಸೀಳಿಕೆಯನ್ನು ಅದು ತೋರಿಸುವುದಿಲ್ಲ.

ಅತ್ಯಂತ ದುಬಾರಿಯಾಗುವ ತಪ್ಪು ಇಲ್ಲೇ ಆಗುತ್ತದೆ. ಎದೆನೋವು ಎಂದು ಬಂದವರಲ್ಲಿ ಸೀಳಿಕೆಯಾದವರಿಗಿಂತ ಹೃದಯಾಘಾತವಾದವರೇ ಬಹಳ ಹೆಚ್ಚು. ಆದ್ದರಿಂದ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಹೆಪಾರಿನ್, ಕೆಲವೊಮ್ಮೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೂಡಲೇ ಕೊಡುವುದು ರೂಢಿ, ಹೃದಯಾಘಾತಕ್ಕೆ ಅದು ಸರಿಯಾದುದು ಸಹ. ಸೀಳಿಕೆಯಾದವರಿಗೆ ಅದೇ ಔಷಧ ಹೊರಚೀಲದ ರಕ್ತಸ್ರಾವವನ್ನು ಹೆಚ್ಚಿಸುತ್ತದೆ, ಶಸ್ತ್ರಕ್ರಿಯೆಯಲ್ಲಿ ರಕ್ತ ನಿಲ್ಲಿಸುವುದನ್ನು ಕಠಿಣಗೊಳಿಸುತ್ತದೆ. ಎದೆನೋವಿನ ಪ್ರತಿ ರೋಗಿಯ ಎರಡು ಕೈಗಳಲ್ಲೂ ರಕ್ತದೊತ್ತಡ ಅಳೆಯುವುದಕ್ಕೆ ಹಣ ಬೇಕಿಲ್ಲ, ವಿಶೇಷ ಯಂತ್ರ ಬೇಕಿಲ್ಲ, ಒಂದೆರಡು ನಿಮಿಷ ಸಾಕು.

ಶಸ್ತ್ರಕ್ರಿಯೆಯ ವಿಧಾನ

ಶಸ್ತ್ರಕ್ರಿಯಾ ಕೊಠಡಿ ಸಿದ್ಧವಾಗುವವರೆಗೆ ನೋವು ತಗ್ಗಿಸಿ, ಎಸ್ಮೊಲಾಲ್ ಅಥವಾ ಲಬೆಟಾಲಾಲ್‌ನಂಥ ಔಷಧದಿಂದ ನಾಡಿಯನ್ನು ನಿಮಿಷಕ್ಕೆ 60ರ ಸುಮಾರಿಗೂ ಮೇಲಿನ ರಕ್ತದೊತ್ತಡವನ್ನು 100ರಿಂದ 120ರ ನಡುವೆಯೂ ಇಡುತ್ತಾರೆ.

ಎದೆಮೂಳೆಯನ್ನು ಉದ್ದಕ್ಕೆ ಸೀಳಿ ಎದೆ ತೆರೆಯಲಾಗುತ್ತದೆ. ಬಲ ಕಂಕುಳಿನ ಅಥವಾ ತೊಡೆಯ ಅಪಧಮನಿಯ ಮೂಲಕ ರೋಗಿಯನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿ ದೇಹವನ್ನು ತಂಪು ಮಾಡುತ್ತಾರೆ. ಹಿಂದೆ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಸುತ್ತಿದ್ದರು. ಈಗ ಅನೇಕ ಕೇಂದ್ರಗಳು 24ರಿಂದ 28 ಡಿಗ್ರಿಗೆ ನಿಲ್ಲಿಸುತ್ತವೆ. ಕಮಾನನ್ನು ತೆರೆಯಲು ಇಡೀ ದೇಹದ ರಕ್ತಚಲನೆಯನ್ನು ನಿಲ್ಲಿಸಬೇಕಾದ ಕೆಲವು ನಿಮಿಷಗಳೇ ಶಸ್ತ್ರಕ್ರಿಯೆಯ ಅತಿ ಸೂಕ್ಷ್ಮ ಘಟ್ಟ. ಆ ಹೊತ್ತಿನಲ್ಲಿ ಕುತ್ತಿಗೆಯ ಅಪಧಮನಿಗಳ ಮೂಲಕ ಮಿದುಳಿಗೆ ಮಾತ್ರ ತಂಪು ರಕ್ತ ಹರಿಸಿ, ಹಣೆಗೆ ಅಂಟಿಸಿದ ಸಂವೇದಕಗಳಿಂದ ಮಿದುಳಿನ ಆಮ್ಲಜನಕದ ಮಟ್ಟವನ್ನು ನೋಡುತ್ತಿರುತ್ತಾರೆ.

ಬಿರಿದ ಒಳಪದರವಿರುವ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ತುದಿಯ ಬೇರ್ಪಟ್ಟ ಪದರಗಳನ್ನು ಟೆಫ್ಲಾನ್ ಪಟ್ಟಿಗಳ ನಡುವೆ ಹಿಡಿದು ಹೊಲಿದು, ಅದಕ್ಕೆ ಡಕ್ರಾನ್ ನಾಳವನ್ನು ಜೋಡಿಸುತ್ತಾರೆ. ಹೊಲಿಗೆ ಹಾಕಬೇಕಾದ ಅಂಗಾಂಶ ನೆನೆದ ಕಾಗದದಷ್ಟು ದುರ್ಬಲವಾಗಿರುತ್ತದೆ. ಸೂಜಿ ಹೋದ ಪ್ರತಿ ರಂಧ್ರವೂ ಸೋರಬಲ್ಲದು. ಕವಾಟ ಉಳಿಸಿಕೊಳ್ಳುವಂತಿದ್ದರೆ ಅದನ್ನು ಮತ್ತೆ ಎತ್ತಿ ಕಟ್ಟುತ್ತಾರೆ. ಬುಡ ಹಾಳಾಗಿದ್ದರೆ ಬೆಂಟಾಲ್ ವಿಧಾನದಲ್ಲಿ ಕವಾಟಸಮೇತ ಬದಲಿಸುತ್ತಾರೆ. ಕಮಾನಿನ ಅಡಿಭಾಗ ಮಾತ್ರ ಬದಲಿಸುವುದು ಕಡಿಮೆ ಅವಧಿಯ ಶಸ್ತ್ರಕ್ರಿಯೆ. ಇಡೀ ಕಮಾನನ್ನು ಬದಲಿಸಿ ಇಳಿಭಾಗದೊಳಗೆ ಸ್ಟೆಂಟ್ ಇಡುವುದು ದೀರ್ಘವಾದುದು, ಆದರೆ ಕೆಳಗಿನ ಹುಸಿನಾಳ ಮುಂದೆ ಉಬ್ಬುವುದನ್ನು ತಡೆಯಬಲ್ಲದು. ತುರ್ತಿನಲ್ಲಿ ಎಷ್ಟು ಮಾಡಬೇಕೆಂಬುದು ಶಸ್ತ್ರವೈದ್ಯರಲ್ಲಿ ಇಂದಿಗೂ ಇತ್ಯರ್ಥವಾಗದ ಚರ್ಚೆ. ರೋಗಿಯನ್ನು ಜೀವಂತವಾಗಿ ಹೊರತರುವುದು ಮೊದಲು, ಉಳಿದ ಮಹಾಪಧಮನಿಯ ಚಿಂತೆ ನಂತರ ಎಂಬುದು ರಾತ್ರಿ ಪಾಳಿಯಲ್ಲಿ, ಚಿಕ್ಕ ತಂಡದೊಂದಿಗೆ ಕೆಲಸ ಮಾಡುವವರಿಗೆ ಸುರಕ್ಷಿತವಾದ ನಿಲುವು.

ಫಲಿತಾಂಶ

ಫಲಿತಾಂಶವನ್ನು ಮೊದಲಿಗೆ ಅಳೆಯುವುದು ಮರಣ ಪ್ರಮಾಣದಿಂದ. ಐರಾಡ್‌ನ 2000ದ ವರದಿಯಲ್ಲಿ 'ಎ' ಮಾದರಿಯವರಲ್ಲಿ ಶಸ್ತ್ರಕ್ರಿಯೆಯಾದವರ ಪೈಕಿ ಶೇ. 26, ಔಷಧ ಮಾತ್ರ ಪಡೆದವರ ಪೈಕಿ ಶೇ. 58 ಮಂದಿ ಆಸ್ಪತ್ರೆಯಲ್ಲಿ ಸತ್ತರು. 2010ರ ದಶಕಕ್ಕೆ ಬಂದಾಗ ಶಸ್ತ್ರಕ್ರಿಯೆಯ ಮರಣ ಶೇ. 18ಕ್ಕೆ ಇಳಿಯಿತು. ಜರ್ಮನಿಯ ದಾಖಲೆಪಟ್ಟಿಯಲ್ಲಿ 30 ದಿನಗಳ ಮರಣ ಸುಮಾರು ಶೇ. 17. ಜಪಾನಿನ ರಾಷ್ಟ್ರೀಯ ವರದಿಗಳಲ್ಲಿ ಅದು ಶೇ. 10ರ ಆಸುಪಾಸು.

ಈ ಸಂಖ್ಯೆಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಇವು ಶಸ್ತ್ರಕ್ರಿಯೆಯ ಮೇಜಿನವರೆಗೆ ತಲುಪಿದವರ ಲೆಕ್ಕ. ಮನೆಯಲ್ಲಿ, ರೈಲುಗಾಡಿಯಲ್ಲಿ, ಆಂಬುಲೆನ್ಸಿನಲ್ಲಿ ಸತ್ತವರು ಇವುಗಳಲ್ಲಿಲ್ಲ. ಶಸ್ತ್ರಕ್ರಿಯೆಯಾಗದಿದ್ದರೆ ಮೊದಲ ಎರಡು ದಿನ ಗಂಟೆಗೆ ಶೇ. 1ರಿಂದ 2 ಮಂದಿ ಸಾಯುತ್ತಾರೆ ಎಂಬುದು 20ನೆಯ ಶತಮಾನದ ನಡುವಿನ ಅಧ್ಯಯನಗಳಿಂದ ಬಂದ ಮಾತು. 2022ರ ಐರಾಡ್ ವಿಶ್ಲೇಷಣೆಯಲ್ಲಿ, ಔಷಧ ಚಿಕಿತ್ಸೆಯಲ್ಲಿದ್ದವರ ಮರಣ ಗಂಟೆಗೆ ಸುಮಾರು ಶೇ. 0.5. ದೂರದಿಂದ, ತಡವಾಗಿ ಬರುವ ರೋಗಿ ಈಗಾಗಲೇ ಅಷ್ಟು ಗಂಟೆ ಬದುಕುಳಿದವನು. ಅತಿ ತೀವ್ರ ಸೀಳಿಕೆಯವರು ಅವನಿಗಿಂತ ಮೊದಲೇ ಪಟ್ಟಿಯಿಂದ ಬಿದ್ದಿರುತ್ತಾರೆ. ಆದ್ದರಿಂದ ರೋಗಿಗಳು ತಡವಾಗಿ ತಲುಪುವ ಆಸ್ಪತ್ರೆಯ ಅಂಕಿ, ಬೇಗ ತಲುಪುವ ಆಸ್ಪತ್ರೆಯ ಅಂಕಿಗಿಂತ ಚೆನ್ನಾಗಿ ಕಾಣುವುದೂ ಸಾಧ್ಯ. ಒಂದು ನಗರದ ಫಲಿತಾಂಶವೆಂದರೆ ಅದರ ಆಸ್ಪತ್ರೆಗಳ ಫಲಿತಾಂಶಗಳ ಮೊತ್ತವಲ್ಲ. ಮೊದಲ ನೋವಿನಿಂದ ಹಿಡಿದು ಮನೆಗೆ ಮರಳುವವರೆಗಿನ ಇಡೀ ಸರಪಳಿಯನ್ನು ಎಣಿಸಿದರೆ ಮಾತ್ರ ಆ ಹೆಸರು ಸಲ್ಲುತ್ತದೆ.

ಬದುಕುಳಿದವರಿಗೂ ತೊಡಕುಗಳಿವೆ: ಪಾರ್ಶ್ವವಾಯು, ಡಯಾಲಿಸಿಸ್ ಬೇಕಾಗುವಷ್ಟು ಮೂತ್ರಪಿಂಡ ವೈಫಲ್ಯ, ರಕ್ತಸ್ರಾವಕ್ಕಾಗಿ ಎದೆಯನ್ನು ಮತ್ತೆ ತೆರೆಯಬೇಕಾಗುವುದು, ದೀರ್ಘಕಾಲ ವೆಂಟಿಲೇಟರ್, ಸೋಂಕು, ಇಳಿಭಾಗದಲ್ಲಿ ಸ್ಟೆಂಟ್ ಇಟ್ಟವರಲ್ಲಿ ಅಪರೂಪಕ್ಕೆ ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಕಾಲುಗಳ ಶಕ್ತಿ ಹೋಗುವುದು. ಆದರೆ ಈ ಘಟ್ಟ ದಾಟಿದವರ ಭವಿಷ್ಯ ಅನೇಕರು ಎಣಿಸುವುದಕ್ಕಿಂತ ಒಳ್ಳೆಯದು. ಐರಾಡ್‌ನ 2006ರ ವರದಿಯಂತೆ, ಶಸ್ತ್ರಕ್ರಿಯೆಯಾಗಿ ಮನೆಗೆ ಹೋದ 'ಎ' ಮಾದರಿಯವರಲ್ಲಿ ಒಂದು ವರ್ಷಕ್ಕೆ ಶೇ. 96, ಮೂರು ವರ್ಷಕ್ಕೆ ಶೇ. 90ರಷ್ಟು ಮಂದಿ ಬದುಕಿದ್ದರು.

ಫಲಿತಾಂಶವನ್ನು ನಿರ್ಧರಿಸುವ ಅಂಶಗಳು

ಶಸ್ತ್ರಕ್ರಿಯೆಗೆ ಬರುವಾಗ ರೋಗಿ ಯಾವ ಸ್ಥಿತಿಯಲ್ಲಿದ್ದಾನೆ ಎಂಬುದು ಎಲ್ಲಕ್ಕಿಂತ ಮುಖ್ಯ. ಐರಾಡ್‌ನ 2005ರ ವಿಶ್ಲೇಷಣೆಯಲ್ಲಿ ಸ್ಥಿರವಾಗಿದ್ದವರ ಮರಣ ಶೇ. 16.7, ರಕ್ತದೊತ್ತಡ ಕುಸಿದು ಅಥವಾ ಇತರ ಅಪಾಯದೊಂದಿಗೆ ಬಂದವರದು ಶೇ. 31.4. ಅಂಗಗಳಿಗೆ ರಕ್ತ ನಿಂತಿದ್ದರೆ ಗಂಡಾಂತರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಜರ್ಮನ್ ದಾಖಲೆಪಟ್ಟಿಯಲ್ಲಿ ಯಾವ ಅಂಗಕ್ಕೂ ಕೊರತೆಯಿಲ್ಲದವರ ಮರಣ ಶೇ. 12.6, ಒಂದು ಅಂಗವ್ಯವಸ್ಥೆಗೆ ಕೊರತೆಯಾದರೆ 21.3, ಎರಡಕ್ಕಾದರೆ 30.9, ಮೂರಕ್ಕಾದರೆ 43.4. ಕರುಳಿಗೆ ರಕ್ತ ನಿಂತವರ ಸ್ಥಿತಿ ಅತಿ ಕಠಿಣ. ಐರಾಡ್‌ನಲ್ಲಿ ಅಂಥವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲ. ವಯಸ್ಸು, ಹಿಂದೆ ಆದ ಹೃದಯ ಶಸ್ತ್ರಕ್ರಿಯೆ, ರಕ್ತ ತೆಳುಮಾಡುವ ಔಷಧ ಇವೂ ಲೆಕ್ಕಕ್ಕೆ ಬರುತ್ತವೆ.

ಎರಡನೆಯದು ತಂಡದ ಅನುಭವ. ಅಮೆರಿಕದ ರಾಷ್ಟ್ರೀಯ ಅಂಕಿಅಂಶಗಳನ್ನು ಆಧರಿಸಿದ 2013ರ ಅಧ್ಯಯನದಲ್ಲಿ, ವರ್ಷಕ್ಕೆ ಒಂದಕ್ಕಿಂತ ಕಡಿಮೆ ಸೀಳಿಕೆ ದುರಸ್ತಿ ಮಾಡುವ ಶಸ್ತ್ರವೈದ್ಯರ ರೋಗಿಗಳ ಮರಣ ಶೇ. 27.5, ಅತಿ ಹೆಚ್ಚು ಮಾಡುವವರದು ಶೇ. 17. ಇಲ್ಲಿ ತಂಡವೆಂದರೆ ಶಸ್ತ್ರವೈದ್ಯ ಒಬ್ಬನೇ ಅಲ್ಲ. ಅರಿವಳಿಕೆ ತಜ್ಞರು, ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್, ರಕ್ತನಿಧಿ, ಐಸಿಯು ದಾದಿಯರು ಎಲ್ಲರ ಪಾಲೂ ಇದೆ. ತಂಪು ಮಾಡಿದ ದೇಹದಲ್ಲಿ ರಕ್ತ ಹೆಪ್ಪುಗಟ್ಟುವುದು ಕೆಡುವುದರಿಂದ ಪ್ಲೇಟ್‌ಲೆಟ್, ಪ್ಲಾಸ್ಮಾ, ಕ್ರಯೋಪ್ರೆಸಿಪಿಟೇಟ್ ಹೇರಳವಾಗಿ ಬೇಕು. ಅವು ಹೊತ್ತಿಗೆ ಬರದಿದ್ದರೆ ಚೆನ್ನಾಗಿ ಹೊಲಿದ ನಾಳವೂ ಉಳಿಸದು.

ಮುಂಬಯಿಯ ವ್ಯವಸ್ಥೆ

ಹೃದಯ ಶಸ್ತ್ರಚಿಕಿತ್ಸೆಯ ಸೌಲಭ್ಯ ಮುಂಬಯಿಯಲ್ಲಿ ಬಹಳ ಇದೆ, ಆದರೆ ಎಲ್ಲ ಕಡೆ ಸಮವಾಗಿ ಇಲ್ಲ. ಸಾರ್ವಜನಿಕ ವಲಯದ ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಹೆಚ್ಚಿನವು ದ್ವೀಪನಗರದಲ್ಲಿ, ಅಂದರೆ ದಕ್ಷಿಣದ ಹಳೆಯ ಮುಂಬಯಿಯಲ್ಲಿ, ಇವೆ: ಪರೇಲ್‌ನಲ್ಲಿ ಕೆಇಎಂ, ಮುಂಬಯಿ ಸೆಂಟ್ರಲ್‌ನಲ್ಲಿ ನಾಯರ್, ಸಯನ್‌ನಲ್ಲಿ ಲೋಕಮಾನ್ಯ ತಿಲಕ್, ಬೈಕುಲಾದಲ್ಲಿ ರಾಜ್ಯ ಸರಕಾರದ ಜೆ.ಜೆ. ಆಸ್ಪತ್ರೆ. ಖಾಸಗಿಯವು ಮರೈನ್ ಲೈನ್ಸ್, ಪೆಡ್ಡರ್ ರಸ್ತೆ, ಮಾಹಿಮ್‌ನಿಂದ ಬಾಂದ್ರಾ, ಅಂಧೇರಿ, ಮುಲುಂಡ್‌ವರೆಗೆ ಹಬ್ಬಿವೆ. 2002ರ ನಂತರ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ, 2009ರ ನಂತರ ಅಂಧೇರಿಯಲ್ಲಿ ಹೊಸ ಕೇಂದ್ರಗಳು ಬಂದವು. ಜನಸಂಖ್ಯೆಯ ಬಹುಪಾಲು ಇರುವುದು ಉಪನಗರಗಳಲ್ಲಿ. ಘಾಟ್‌ಕೋಪರ್‌ನ ರಾಜಾವಾಡಿ, ಗೋವಂಡಿಯ ಶತಾಬ್ದಿ, ಸಾಂತಾಕ್ರೂಜ್‌ನ ವಿ.ಎನ್. ದೇಸಾಯಿಯಂಥ ಪಾಲಿಕೆಯ ಉಪನಗರ ಆಸ್ಪತ್ರೆಗಳು ಎದೆನೋವಿನ ರೋಗಿಯನ್ನು ಮೊದಲು ನೋಡುವ ಜಾಗಗಳು. ಮಹಾಪಧಮನಿಯ ಶಸ್ತ್ರಕ್ರಿಯೆ ಅವುಗಳ ಕೆಲಸವಲ್ಲ. ಹೀಗಾಗಿ ಬಡ ರೋಗಿ ಒಂದೆರಡು ಆಸ್ಪತ್ರೆ ದಾಟಿಯೇ ಪರೇಲ್ ಸೇರುತ್ತಾನೆ, ಪ್ರತಿ ಹಸ್ತಾಂತರದಲ್ಲೂ ಗಂಟೆಗಳು ಕಳೆಯುತ್ತವೆ.

ಹೊತ್ತಿನ ವಿಷಯದಲ್ಲಿ ನಗರಕ್ಕೆ ಇನ್ನೊಂದು ತೊಂದರೆಯಿದೆ. ಸೀಳಿಕೆಗಳು ಬೆಳಗಿನ 6ರಿಂದ ಮಧ್ಯಾಹ್ನ 12ರ ನಡುವೆ ಹೆಚ್ಚಾಗಿ ಆಗುತ್ತವೆಂದು ಐರಾಡ್ ತೋರಿಸಿದೆ. ರಕ್ತದೊತ್ತಡ ಏರುವ ಹೊತ್ತು ಅದು. ಮುಂಬಯಿಯ ಲೋಕಲ್ ರೈಲುಗಳೂ ಎರಡು ಎಕ್ಸ್‌ಪ್ರೆಸ್ ಹೆದ್ದಾರಿಗಳೂ ದಕ್ಷಿಣದ ಕಡೆಗೆ ಕಿಕ್ಕಿರಿಯುವ ಹೊತ್ತೂ ಅದೇ. 2009ರ ಬಾಂದ್ರಾ-ವರ್ಲಿ ಸಮುದ್ರ ಸೇತುವೆ, 2013ರ ಈಸ್ಟರ್ನ್ ಫ್ರೀವೇ, 2024ರಲ್ಲಿ ತೆರೆದ ಕರಾವಳಿ ರಸ್ತೆ ಕೆಲವು ದಾರಿಗಳ ಪ್ರಯಾಣದ ಹೊತ್ತನ್ನು ಕಡಿಮೆ ಮಾಡಿವೆ. ಮಹಾರಾಷ್ಟ್ರದ 108 ಆಂಬುಲೆನ್ಸ್ ಸೇವೆ 2014ರಿಂದ ಇದೆ.

ಆಸ್ಪತ್ರೆ ತಲುಪುವ ಮೊದಲೇ ಸತ್ತವರ ಸುಳಿವು ಸಿಗುವುದು ಶವಪರೀಕ್ಷೆಯಲ್ಲಿ. ಹಠಾತ್ ಸಾವುಗಳ ವಿಚಾರಣೆ ನಡೆಸುತ್ತಿದ್ದ ಮುಂಬಯಿಯ ಕೊರೋನರ್ ಹುದ್ದೆ 1999ರಲ್ಲಿ ರದ್ದಾಯಿತು. ಅಂದಿನಿಂದ ಆ ಕೆಲಸ ಪೊಲೀಸರದು, ಶವಪರೀಕ್ಷೆ ಸರಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳದು. ಹೊರಚೀಲದಲ್ಲಿ ತುಂಬಿದ ರಕ್ತ, ಮಹಾಪಧಮನಿಯ ಬುಡದ ಬಿರುಕು ಕಂಡಾಗ ಮಾತ್ರ, 'ಹಾರ್ಟ್ ಅಟ್ಯಾಕ್' ಎಂದು ಮನೆಯವರು ನಂಬಿದ್ದ ಸಾವಿನ ನಿಜವಾದ ಕಾರಣ ತಿಳಿಯುತ್ತದೆ. ಮಾರ್ಫಾನ್‌ನಂಥ ವಂಶದ ಕಾಯಿಲೆಯಿದ್ದರೆ ಆ ತಿಳಿವು ಒಡಹುಟ್ಟಿದವರ ಪ್ರಾಣ ಉಳಿಸಬಲ್ಲದು.

ವೆಚ್ಚ ಮತ್ತು ನೆರವು

ಖಾಸಗಿ ಆಸ್ಪತ್ರೆಯಲ್ಲಿ ಈ ಶಸ್ತ್ರಕ್ರಿಯೆ, ಐಸಿಯು, ರಕ್ತಪದಾರ್ಥಗಳ ಒಟ್ಟು ವೆಚ್ಚ ಹಲವು ಲಕ್ಷ ರೂಪಾಯಿ. ಸ್ಟೆಂಟ್ ಜೋಡಿಸಿದ ಕಮಾನಿನ ಸಾಧನ ಬಳಸಿದರೆ ಇನ್ನೂ ಹೆಚ್ಚು. ಮಹಾರಾಷ್ಟ್ರ ಸರಕಾರದ ಆರೋಗ್ಯ ವಿಮಾ ಯೋಜನೆ 2012ರ ಜುಲೈಯಲ್ಲಿ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆ ಎಂಬ ಹೆಸರಿನಲ್ಲಿ ಮುಂಬಯಿ ನಗರ, ಉಪನಗರ ಸೇರಿದಂತೆ ಎಂಟು ಜಿಲ್ಲೆಗಳಲ್ಲಿ ಆರಂಭವಾಗಿ, 2017ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಎಂದು ಹೆಸರು ಬದಲಿಸಿತು. ಒಂದೂವರೆ ಲಕ್ಷವಿದ್ದ ಕುಟುಂಬದ ವಾರ್ಷಿಕ ಮಿತಿ ನಂತರ ಐದು ಲಕ್ಷಕ್ಕೆ ಏರಿತು.

ಕನ್ನಡ ಮತ್ತು ತುಳು ಮಾತಾಡುವ ಮುಂಬಯಿಗರಿಗೆ ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಉಡುಪಿ, ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಹೋದ ಅನೇಕರ ಪಡಿತರ ಚೀಟಿ ಇನ್ನೂ ಊರಿನಲ್ಲೇ ಇರುತ್ತದೆ. ಮಹಾರಾಷ್ಟ್ರದ ಯೋಜನೆಗೆ ಆ ರಾಜ್ಯದ ದಾಖಲೆ ಬೇಕು. ಆದರೆ ಕೇಂದ್ರದ 2018ರ ಆಯುಷ್ಮಾನ್ ಭಾರತ್ ಚೀಟಿಯನ್ನು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ಬಳಸಬಹುದು. ಎದೆನೋವು ಬಂದ ದಿನ ಚೀಟಿ ಹುಡುಕುವ ಬದಲು ಅದನ್ನು ಮೊದಲೇ ಮಾಡಿಸಿ ಜತೆಯಲ್ಲಿಟ್ಟುಕೊಂಡಿರುವುದು ಒಳ್ಳೆಯದು.

ಶಸ್ತ್ರಕ್ರಿಯೆಯ ನಂತರ

ಏರುಭಾಗವನ್ನು ಬದಲಿಸಿದ ಮಾತ್ರಕ್ಕೆ ಕಾಯಿಲೆ ಮುಗಿಯುವುದಿಲ್ಲ. ಕಮಾನಿನಿಂದ ಕೆಳಗೆ ಸೀಳಿದ ಭಾಗ ಅನೇಕರಲ್ಲಿ ಹಾಗೆಯೇ ಉಳಿದಿರುತ್ತದೆ, ಹುಸಿನಾಳದಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ವರ್ಷಗಳಲ್ಲಿ ಅದು ಉಬ್ಬಬಹುದು. ಜೀವಮಾನವಿಡೀ ಬೀಟಾ-ಬ್ಲಾಕರ್ ಮಾತ್ರೆ, ರಕ್ತದೊತ್ತಡದ ಕಟ್ಟುನಿಟ್ಟಾದ ನಿಯಂತ್ರಣ, ಮೊದಲ ವರ್ಷದಲ್ಲಿ ಹಲವು ಬಾರಿ ಮತ್ತು ಆಮೇಲೆ ವರ್ಷಕ್ಕೊಮ್ಮೆ ಸಿಟಿ ಅಥವಾ ಎಂಆರ್‌ಐ, ಭಾರ ಎತ್ತುವ ಕೆಲಸದಿಂದ ದೂರ ಇರುವುದು ಇವು ನಿಯಮಗಳು. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆಯನ್ನು ಪರೀಕ್ಷೆ ಮಾಡಿಸುತ್ತಾ ತೆಗೆದುಕೊಳ್ಳಬೇಕು. ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಎಕೊ ಪರೀಕ್ಷೆ ಮಾಡಿಸಲು ಹೇಳಲಾಗುತ್ತದೆ. ಶಸ್ತ್ರಕ್ರಿಯೆಗೆ ಹಣ ಹೊಂದಿಸಿದ ಕುಟುಂಬಗಳು ಈ ಘಟ್ಟದಲ್ಲಿ ಸೋಲುವುದುಂಟು: ನೋವಿಲ್ಲ, ಕೆಲಸಕ್ಕೆ ಹಿಂದಿರುಗಿದ್ದಾಗಿದೆ, ಪ್ರತಿ ಸಿಟಿಗೂ ಹಣ ಬೇಕು.

ಸದ್ಯದ ಸ್ಥಿತಿ

ತಾಂತ್ರಿಕವಾಗಿ ಕ್ಷೇತ್ರ ಎರಡು ದಿಕ್ಕಿನಲ್ಲಿ ಸಾಗುತ್ತಿದೆ. ಒಂದು, ಸೀಳುವುದಕ್ಕೆ ಮೊದಲೇ ತಡೆಯುವುದು. ಏರುಭಾಗ 5.5 ಸೆಂ.ಮೀ.ಗೆ ಹಿಗ್ಗಿದಾಗ ಯೋಜಿತ ಶಸ್ತ್ರಕ್ರಿಯೆ ಎಂಬುದು ಹಳೆಯ ಮಿತಿ. 2022ರ ಅಮೆರಿಕದ ಮಾರ್ಗಸೂಚಿ, ಅನುಭವವುಳ್ಳ ಕೇಂದ್ರಗಳಲ್ಲಿ 5 ಸೆಂ.ಮೀ.ಗೂ ಅದನ್ನು ಒಪ್ಪುತ್ತದೆ. ಯೋಜಿತ ಶಸ್ತ್ರಕ್ರಿಯೆಯ ಗಂಡಾಂತರ ತುರ್ತಿನದರ ಒಂದು ಸಣ್ಣ ಪಾಲು ಮಾತ್ರ. ಎರಡು, ಸ್ಟೆಂಟ್ ಮತ್ತು ಶಸ್ತ್ರಕ್ರಿಯೆಯನ್ನು ಒಟ್ಟಿಗೆ ಬಳಸುವ ವಿಧಾನಗಳು. ಕಮಾನಿನಲ್ಲಿ ಅವು ನೆಲೆಯೂರಿವೆ, ಏರುಭಾಗಕ್ಕೆ ಇನ್ನೂ ಪ್ರಯೋಗದ ಹಂತದಲ್ಲಿವೆ. ತುರ್ತು ವಿಭಾಗದ ವೈದ್ಯರಿಗೆ ಸೀಳಿಕೆಯನ್ನು ನೆನಪಿಸಲು ಬ್ರಿಟನ್‌ನಲ್ಲಿ 2018ರಲ್ಲಿ 'ಥಿಂಕ್ ಅಯೋರ್ಟಾ' ಅಭಿಯಾನ ಶುರುವಾಗಿ ಇತರ ದೇಶಗಳಿಗೂ ಹರಡಿತು.

ಫಲಿತಾಂಶವನ್ನು ಬಹಿರಂಗಪಡಿಸುವ ವಿಷಯದಲ್ಲಿ ಮುಂಬಯಿ ಹಿಂದಿದೆ. ನ್ಯೂಯಾರ್ಕ್ ರಾಜ್ಯ 1990ರ ದಶಕದಿಂದ ಹೃದಯ ಬೈಪಾಸ್‌ನ ಮರಣ ಪ್ರಮಾಣವನ್ನು ಆಸ್ಪತ್ರೆವಾರು ಪ್ರಕಟಿಸುತ್ತಿದೆ. ಬ್ರಿಟನ್‌ನಲ್ಲೂ ಹೃದಯ ಶಸ್ತ್ರಚಿಕಿತ್ಸೆಯ ಅಂಕಿಗಳು ಸಾರ್ವಜನಿಕ. ಮಹಾರಾಷ್ಟ್ರ ಕೇಂದ್ರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯನ್ನು ಅಂಗೀಕರಿಸದೆ, ಖಾಸಗಿ ಆಸ್ಪತ್ರೆಗಳನ್ನು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಯ ಅಡಿಯಲ್ಲೇ ನಿಯಂತ್ರಿಸುತ್ತದೆ. 2021ರಲ್ಲಿ ತಿದ್ದಿದ ನಿಯಮಗಳು ರೋಗಿಯ ಹಕ್ಕುಗಳ ಪಟ್ಟಿಯನ್ನೂ ದರಪಟ್ಟಿಯನ್ನೂ ತೂಗುಹಾಕಲು ಹೇಳುತ್ತವೆ. ಪ್ರತಿ ಆಸ್ಪತ್ರೆ ಎಷ್ಟು ಸೀಳಿಕೆಗಳನ್ನು ದುರಸ್ತಿ ಮಾಡಿತು, ಅವರಲ್ಲಿ ಎಷ್ಟು ಮಂದಿ ಮನೆಗೆ ಹೋದರು, ನೋವು ಶುರುವಾಗಿ ಎಷ್ಟು ಗಂಟೆಗೆ ಮೇಜು ತಲುಪಿದರು ಎಂಬ ಮೂರು ಅಂಕಿಗಳು ಕೆಇಎಂನಿಂದ ಅಂಧೇರಿಯವರೆಗೆ ಒಂದೇ ಪಟ್ಟಿಯಲ್ಲಿ ಸೇರಿದರೆ, ಯಾವ ಉಪನಗರದ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಟಿ ನಡೆಯಬೇಕು, ಯಾವ ಎರಡು ಮೂರು ಕೇಂದ್ರಗಳಿಗೆ ಸೀಳಿಕೆಯ ರೋಗಿಗಳನ್ನು ನೇರವಾಗಿ ಒಯ್ಯಬೇಕು ಎಂಬುದನ್ನು ನಿರ್ಧರಿಸಲು ಪಾಲಿಕೆಗೆ ಆಧಾರ ಸಿಗುತ್ತದೆ.